ಹಣೆಬರಹ ಅಳಿಸಿ ಬರೆದ ಕಟ್ಟಡ

ಪ್ಯಾರಿಸ್ಸಿನಲ್ಲಿ ಸೇನ್ ನದಿಯ ದಕ್ಷಿಣಕ್ಕೆ ಒಂದು ಸಣ್ಣ ಗುಡ್ಡವಿದೆ. ಸೂಫ್ಲೋ ಬೀದಿಯ ಏರನ್ನು ಹತ್ತುತ್ತಾ ಹೋದರೆ ಗುಡ್ಡದ ತಲೆಯ ಮೇಲೆ ದೊಡ್ಡದೊಂದು ಕಲ್ಲಿನ ಕಟ್ಟಡ ಎದುರಾಗುತ್ತದೆ. ಮುಂದೆ ಎತ್ತರದ ಕಂಬಗಳ ಸಾಲು, ಕಂಬಗಳ ಮೇಲೆ ತ್ರಿಕೋನಾಕಾರದ ಶಿಲ್ಪಪಟ್ಟಿ, ಅದರ ಹಿಂದೆ ಗುಮ್ಮಟ. ತ್ರಿಕೋನದ ಕೆಳಗಡೆ, ಮನುಷ್ಯನ ಮುಖವಾಗಿದ್ದರೆ ಹಣೆ ಎನ್ನಬಹುದಾದ ಜಾಗದಲ್ಲಿ, ದೊಡ್ಡ ಅಕ್ಷರಗಳ ಒಂದು ಸಾಲಿದೆ: 'ಮಹಾಪುರುಷರಿಗೆ, ಕೃತಜ್ಞ ನಾಡು'. ದೇವರ ಹೆಸರು ಅಲ್ಲೆಲ್ಲೂ ಇಲ್ಲ. ಕತ್ತೆತ್ತಿ ಇನ್ನೂ ಮೇಲಕ್ಕೆ ನೋಡಿದರೆ ಗುಮ್ಮಟದ ತುದಿಯಲ್ಲಿ ಮಾತ್ರ ಒಂದು ಶಿಲುಬೆ.

ಇದು ಪ್ಯಾಂಥಿಯಾನ್. ವೋಲ್ಟೇರ್, ರೂಸೋ, ವಿಕ್ಟರ್ ಹ್ಯೂಗೋ, ಎಮಿಲ್ ಜೋಲಾ, ಮೇರಿ ಕ್ಯೂರಿ ಇವರೆಲ್ಲ ಇದರ ನೆಲಮಾಳಿಗೆಯಲ್ಲಿ ಮಲಗಿದ್ದಾರೆ. ಫ್ರಾನ್ಸ್ ತನ್ನ ದೊಡ್ಡವರಿಗೆ ಕೊಡುವ ಕೊನೆಯ ಗೌರವವೆಂದರೆ ಇಲ್ಲಿ ಒಂದಿಷ್ಟು ಜಾಗ. ಆದರೆ ಈ ಕಟ್ಟಡವನ್ನು ಕಟ್ಟಿದ್ದು ಒಬ್ಬ ಸಂತಳಿಗಾಗಿ, ಚರ್ಚ್ ಆಗಿ. 1791ರಿಂದ 1885ರವರೆಗಿನ 94 ವರ್ಷಗಳಲ್ಲಿ ಇದರ ಉದ್ದೇಶ ಆರು ಸಲ ಬದಲಾಯಿತು. ಚರ್ಚ್ ಹೋಗಿ ಸ್ಮಾರಕ, ಸ್ಮಾರಕ ಹೋಗಿ ಚರ್ಚ್, ನಡುವೆ ಕೆಲಕಾಲ ಮಹಡಿಯ ಮೇಲೆ ಒಂದು, ಕೆಳಗೆ ಇನ್ನೊಂದು. ಹಣೆಬರಹ ಅಳಿಸಲಾಗದ್ದು ಎಂದು ನಾವು ನಂಬಿದವರು. ಇಲ್ಲಿ ಸರ್ಕಾರ ಬದಲಾದಾಗಲೆಲ್ಲ ಮೊದಲು ಕೈ ಹಾಕಿದ್ದೇ ಕಟ್ಟಡದ ಹಣೆಗೆ.

ರಾಜನ ಹರಕೆ

1744ರ ಆಗಸ್ಟಿನಲ್ಲಿ ಹದಿನೈದನೇ ಲೂಯಿ ಯುದ್ಧಕ್ಕೆಂದು ಹೊರಟವನು ಮೆಟ್ಜ್ ಊರಿನಲ್ಲಿ ಕಾಯಿಲೆ ಬಿದ್ದ. ಬದುಕುವ ಆಸೆ ಯಾರಿಗೂ ಇರಲಿಲ್ಲ. ಬದುಕಿದರೆ ಪ್ಯಾರಿಸ್ಸಿನ ಸಂತ ಜೆನ್ವಿಯೆವ್‌ಗೆ ಹೊಸ ಚರ್ಚ್ ಕಟ್ಟಿಸುತ್ತೇನೆ ಎಂದು ರಾಜ ಹರಕೆ ಹೊತ್ತ, ಬದುಕಿದ. ಜೆನ್ವಿಯೆವ್ ಐದನೇ ಶತಮಾನದವಳು. 451ರಲ್ಲಿ ಅಟಿಲನ ಹೂಣರು ಬರುತ್ತಿದ್ದಾರೆಂದು ಜನ ಊರು ಬಿಡಲು ಹೊರಟಾಗ, ಬಿಡಬೇಡಿ, ಪ್ರಾರ್ಥಿಸಿ ಎಂದು ತಡೆದವಳು ಅವಳೇ ಎಂಬುದು ಕಥೆ. ಹೂಣರು ಪ್ಯಾರಿಸ್ಸಿಗೆ ಬರಲಿಲ್ಲ. ಅಂದಿನಿಂದ ಅವಳು ಆ ಊರನ್ನು ಕಾಯುವವಳು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಗ್ರಾಮದೇವತೆ. ಬರ, ನೆರೆ, ಸಾಂಕ್ರಾಮಿಕ ರೋಗ ಬಂದಾಗ ಅವಳ ಮೂಳೆಗಳಿದ್ದ ಪೆಟ್ಟಿಗೆಯನ್ನು ಬೀದಿಯಲ್ಲಿ ಮೆರವಣಿಗೆ ಮಾಡುತ್ತಿದ್ದರು.

ಗುಡ್ಡದ ಮೇಲೆ ಅವಳ ಹೆಸರಿನ ಹಳೆಯ ಮಠವೊಂದಿತ್ತು. ಅದರ ಚರ್ಚ್ ಶಿಥಿಲವಾಗಿತ್ತು. ಹೊಸದನ್ನು ಕಟ್ಟುವ ಕೆಲಸ 1755ರಲ್ಲಿ ಜಾಕ್ ಜೆರ್ಮೆನ್ ಸೂಫ್ಲೋ ಎಂಬ ವಾಸ್ತುಶಿಲ್ಪಿಯ ಪಾಲಿಗೆ ಬಂತು. ಹಣಕ್ಕಾಗಿ ಲಾಟರಿ ನಡೆಸಿದರು. ನೆಲ ಅಗೆದರೆ ಹಳ್ಳಗಳೇ ಹಳ್ಳಗಳು: ರೋಮನ್ನರ ಕಾಲದಲ್ಲಿ ಕುಂಬಾರರು ಜೇಡಿಮಣ್ಣು ತೆಗೆದ ಗುಂಡಿಗಳು. ಅವನ್ನು ತುಂಬಿ ಗಟ್ಟಿ ಮಾಡುವುದರಲ್ಲೇ ವರ್ಷಗಳು ಕಳೆದವು. 1764ರ ಸೆಪ್ಟೆಂಬರ್ 6ರಂದು ರಾಜ ಶಂಕುಸ್ಥಾಪನೆಗೆ ಬಂದಾಗ ತೋರಿಸಲು ಕಟ್ಟಡವೇ ಇರಲಿಲ್ಲ. ಅದಕ್ಕಾಗಿ ಮುಂಭಾಗವನ್ನು ಅದರ ನಿಜವಾದ ಅಳತೆಯಲ್ಲೇ ಬಟ್ಟೆಯ ಮೇಲೆ ಬರೆಸಿ ಎತ್ತಿ ನಿಲ್ಲಿಸಿದ್ದರು. ನಾಟಕದ ಪರದೆಯಂಥ ಆ ಚಿತ್ರದ ಮುಂದೆ ನಿಂತು ರಾಜ ಮೊದಲ ಕಲ್ಲನ್ನಿಟ್ಟ.

ಸೂಫ್ಲೋನ ಮನಸ್ಸಿನಲ್ಲಿದ್ದದ್ದು ರೋಮ್ ನಗರದ ಪ್ಯಾಂಥಿಯಾನ್. ಗ್ರೀಕ್ ಭಾಷೆಯಲ್ಲಿ 'ಪಾನ್' ಎಂದರೆ ಎಲ್ಲ, 'ಥಿಯೋಸ್' ಎಂದರೆ ದೇವರು. ಎಲ್ಲ ದೇವರ ಗುಡಿ ಎಂದು ಅರ್ಥ. ರೋಮಿನ ಆ ಗುಡಿ 609ರಲ್ಲಿ ಚರ್ಚ್ ಆಯಿತು, ಆದ್ದರಿಂದಲೇ ಉಳಿಯಿತು. ಮುಂದೆ ಅಲ್ಲಿ ರಾಫೆಲ್‌ನಂಥ ಕಲಾವಿದರನ್ನೂ ಮಣ್ಣು ಮಾಡಿದರು. ರೋಮಿನಲ್ಲಿ ಗುಡಿ ಚರ್ಚ್ ಆದರೆ ಪ್ಯಾರಿಸ್ಸಿನಲ್ಲಿ ಚರ್ಚ್ ತಿರುಗಿ 'ಗುಡಿ' ಆಯಿತು. ಈ ಪದ ಎಲ್ಲೆಲ್ಲೋ ಅಲೆದಿದೆ. ಚೆನ್ನೈನ ಎಗ್ಮೋರಿನಲ್ಲಿ ಸರ್ಕಾರಿ ಮ್ಯೂಸಿಯಂ ಇರುವ ರಸ್ತೆಯ ಹೆಸರು ಪ್ಯಾಂಥಿಯಾನ್ ರಸ್ತೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಮದರಾಸಿನ ಇಂಗ್ಲಿಷರು ಕುಣಿತ, ಔತಣ, ನಾಟಕಗಳಿಗೆ ಸೇರುತ್ತಿದ್ದ ಕಟ್ಟಡಕ್ಕೆ ಆ ಹೆಸರಿತ್ತು. ಅಲ್ಲಿಗೆ ತಲುಪುವ ಹೊತ್ತಿಗೆ ಪದದೊಳಗೆ ಒಬ್ಬ ದೇವರೂ ಉಳಿದಿರಲಿಲ್ಲ.

ಸೂಫ್ಲೋನ ಚರ್ಚ್ 110 ಮೀಟರ್ ಉದ್ದ, 84 ಮೀಟರ್ ಅಗಲ, 83 ಮೀಟರ್ ಎತ್ತರ. ಗೋಡೆಗಳಲ್ಲಿ ದೊಡ್ಡ ದೊಡ್ಡ ಕಿಟಕಿಗಳು. ಒಳಗೆ ದಪ್ಪ ಗೋಡೆಗಳ ಬದಲು ಸಣಕಲು ಕಂಬಗಳು. ಗೋಥಿಕ್ ಚರ್ಚುಗಳ ಹಗುರವನ್ನೂ ಬೆಳಕನ್ನೂ ಗ್ರೀಕ್ ಗುಡಿಯ ಗಾಂಭೀರ್ಯದೊಡನೆ ಸೇರಿಸಬೇಕೆಂಬುದು ಅವನ ಹಂಬಲ. ಕಟ್ಟುತ್ತಿರುವಾಗಲೇ ಕಂಬಗಳಲ್ಲಿ ಬಿರುಕು ಕಂಡವು, ಇದು ಗುಮ್ಮಟದ ಭಾರ ತಡೆಯದು ಎಂದು ಎದುರಾಳಿಗಳು ಕರಪತ್ರ ಹಂಚಿದರು. 1780ರಲ್ಲಿ ಸೂಫ್ಲೋ ತೀರಿಕೊಂಡ. ಅವನ ಶಿಷ್ಯ ರೋಂಡ್ಲೆ ಮತ್ತು ಜೊತೆಗಾರರು ಕೆಲಸ ಮುಗಿಸಿದ್ದು 1790ರಲ್ಲಿ. ಅಷ್ಟರಲ್ಲಿ ಬಾಸ್ಟೀಲ್ ಕೋಟೆ ಬಿದ್ದು ಒಂದು ವರ್ಷವಾಗಿತ್ತು. ಹರಕೆ ಹೊತ್ತ ರಾಜ ಸತ್ತಿದ್ದ, ಅವನ ಮೊಮ್ಮಗ ಹೆಸರಿಗಷ್ಟೇ ರಾಜನಾಗಿದ್ದ. ಹೊಸ ಚರ್ಚ್ ತಯಾರಾಗಿತ್ತು, ಪ್ರತಿಷ್ಠೆ ಮಾತ್ರ ಆಗಿರಲಿಲ್ಲ.

ಕಿಟಕಿ ಮುಚ್ಚಿದರು

1791ರ ಏಪ್ರಿಲ್ 2ರಂದು ಕ್ರಾಂತಿಯ ದೊಡ್ಡ ವಾಗ್ಮಿ ಮಿರಾಬೊ ತೀರಿಕೊಂಡ. ಅವನನ್ನು ಎಲ್ಲಿ ಮಣ್ಣು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಪ್ಯಾರಿಸ್ ಆಡಳಿತದ ಪರವಾಗಿ ಪಾಸ್ತೊರೆ ಎಂಬಾತ ರಾಷ್ಟ್ರೀಯ ಸಭೆಯ ಮುಂದೆ ಒಂದು ಸಲಹೆ ಇಟ್ಟ: ಹೊಸ ಚರ್ಚ್ ಖಾಲಿಯೇ ಇದೆ, ಅದನ್ನು ನಾಡಿನ ಹಿರಿಯರ ಸಮಾಧಿಯಾಗಿ ಮಾಡೋಣ. ಹಣೆಯ ಮೇಲಿನ ಸಾಲನ್ನು ಸೂಚಿಸಿದವನೂ ಅವನೇ. ಎರಡು ದಿನಗಳಲ್ಲಿ ಠರಾವು ಪಾಸಾಯಿತು.

ಕಟ್ಟಡವನ್ನು ಬದಲಿಸುವ ಕೆಲಸ ಕಾತ್ರ್‌ಮೇರ್ ದ ಕ್ಯಾನ್ಸಿ ಎಂಬ ಕಲಾವಿದ್ವಾಂಸನಿಗೆ ಬಂತು. ಅವನು ಪೂರ್ವದ ಎರಡು ಗಂಟೆಗೋಪುರಗಳನ್ನು ಕೆಡವಿಸಿದ. ಮುಂಭಾಗದ ತ್ರಿಕೋನದಲ್ಲಿ ಕಿರಣ ಸೂಸುವ ಶಿಲುಬೆಯನ್ನು ದೇವದೂತರು ಪೂಜಿಸುತ್ತಿರುವ ಶಿಲ್ಪವಿತ್ತು. ಅದನ್ನು ಕಿತ್ತು, ನಾಡೆಂಬ ತಾಯಿ ಸದ್ಗುಣಕ್ಕೆ ಕಿರೀಟವಿಡುವ ಶಿಲ್ಪವನ್ನು ಹಾಕಿಸಿದ. ಎಲ್ಲಕ್ಕಿಂತ ಮುಖ್ಯವಾಗಿ, ಸೂಫ್ಲೋ ಆಸೆಪಟ್ಟು ಇಟ್ಟಿದ್ದ ಸುಮಾರು 40 ಕಿಟಕಿಗಳನ್ನು ಕಲ್ಲು ಕಟ್ಟಿ ಮುಚ್ಚಿಸಿದ. ಪ್ರಾರ್ಥನೆಯ ಮನೆಗೆ ಬೆಳಕು ಬೇಕು, ಸಮಾಧಿಗೆ ಅರೆಗತ್ತಲೇ ಚೆಂದ ಎಂಬುದು ಅವನ ಲೆಕ್ಕ. ಇವತ್ತಿಗೂ ಆ ಕಟ್ಟಡದ ಪಕ್ಕದ ಗೋಡೆಗಳು ಬೋಳುಬೋಳಾಗಿ ಕಾಣುತ್ತವೆ. ಗಮನವಿಟ್ಟು ನೋಡಿದರೆ ಮುಚ್ಚಿದ ಕಿಟಕಿಗಳ ಗುರುತು ಕಲ್ಲಿನಲ್ಲಿ ತಿಳಿಯುತ್ತದೆ. ಆಮೇಲೆ ಎರಡು ಸಲ ಕಟ್ಟಡ ಚರ್ಚ್ ಆಯಿತು, ಆದರೆ ಆ ಕಿಟಕಿಗಳು ತೆರೆಯಲೇ ಇಲ್ಲ.

1791ರ ಜುಲೈ 11ರಂದು ವೋಲ್ಟೇರ್ ಬಂದ. ಅವನು 1778ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತಾಗ ಚರ್ಚ್ ಅವನಿಗೆ ಸಮಾಧಿಯ ಜಾಗ ನಿರಾಕರಿಸಿತ್ತು. ಬಂಧುಗಳು ಹೆಣವನ್ನು ಗುಟ್ಟಾಗಿ ಷಾಂಪೇನ್ ಸೀಮೆಯ ಮಠವೊಂದಕ್ಕೆ ಸಾಗಿಸಿ ಮಣ್ಣು ಮಾಡಿದ್ದರು. ಬದುಕಿಡೀ ಪಾದ್ರಿಗಳನ್ನು ಗೇಲಿ ಮಾಡಿದವನು ಈಗ ಮೆರವಣಿಗೆಯಲ್ಲಿ ಬಂದು ಚರ್ಚಿನ ನೆಲಮಾಳಿಗೆಯಲ್ಲೇ ನೆಲೆಸಿದ. 1794ರ ಅಕ್ಟೋಬರಿನಲ್ಲಿ ಅವನ ಬದ್ಧವೈರಿ ರೂಸೋ ಬಂದ. ಬದುಕಿದ್ದಾಗ ಒಬ್ಬರನ್ನೊಬ್ಬರು ಸಹಿಸದ ಇಬ್ಬರೂ ಈಗ ಓಣಿಯ ಆಚೆ ಈಚೆ ಎದುರುಬದುರು ಇದ್ದಾರೆ.

ಎಲ್ಲರಿಗೂ ಆ ಭಾಗ್ಯ ಉಳಿಯಲಿಲ್ಲ. ಮಿರಾಬೊ ರಾಜನ ಜೊತೆ ಗುಟ್ಟಿನ ವ್ಯವಹಾರ ಇಟ್ಟುಕೊಂಡಿದ್ದನೆಂದು 1792ರಲ್ಲಿ ಅರಮನೆಯ ಕಬ್ಬಿಣದ ಕಪಾಟಿನಲ್ಲಿ ಸಿಕ್ಕ ಕಾಗದಗಳಿಂದ ಬಯಲಾಯಿತು. 1794ರ ಸೆಪ್ಟೆಂಬರ್ 21ರಂದು ಅವನ ಪೆಟ್ಟಿಗೆಯನ್ನು ಹೊರಗೆ ಹಾಕಿ ಅದೇ ದಿನ ಮರಾನನ್ನು ಒಳಗೆ ತಂದರು. ಯಾರಿಗಾಗಿ ಈ ಕಟ್ಟಡ ಸ್ಮಾರಕವಾಯಿತೋ ಅವನೇ ಮೊದಲು ಹೊರಬಿದ್ದ. ಅವನ ಮೂಳೆಗಳು ಎಲ್ಲಿವೆಯೆಂದು ಇವತ್ತಿಗೂ ಪತ್ತೆಯಿಲ್ಲ. ಮರಾ ಕೂಡ ಹೆಚ್ಚು ಕಾಲ ಉಳಿಯಲಿಲ್ಲ. ಗಾಳಿ ತಿರುಗಿತು, 1795ರ ಫೆಬ್ರವರಿಯಲ್ಲಿ ಅವನನ್ನೂ ತೆಗೆದರು. ಸತ್ತು ಹತ್ತು ವರ್ಷ ಕಳೆಯದವರಿಗೆ ಇಲ್ಲಿ ಜಾಗವಿಲ್ಲ ಎಂಬ ನಿಯಮ ಬಂದದ್ದು ಆಗಲೇ.

ಇನ್ನೊಬ್ಬಳ ಕಥೆಯನ್ನೂ ಹೇಳಬೇಕು. ಸಂತ ಜೆನ್ವಿಯೆವ್‌ಳ ಮೂಳೆಗಳನ್ನು ಹಳೆಯ ಚರ್ಚಿನಿಂದ ಹೊಸದಕ್ಕೆ ತರಬೇಕೆಂದಿತ್ತಲ್ಲ? 1793ರಲ್ಲಿ ಕ್ರಾಂತಿಕಾರಿಗಳು ಆ ಚಿನ್ನದ ಪೆಟ್ಟಿಗೆಯನ್ನು ಕರಗಿಸಿ, ಮೂಳೆಗಳನ್ನು ಬಹಿರಂಗವಾಗಿ ಸುಟ್ಟರು. ಹಳೆಯ ಮಠದ ಚರ್ಚನ್ನು ಮುಂದೆ 1807ರಲ್ಲಿ ಬೀದಿ ಮಾಡಲು ಕೆಡವಿದರು. ಒಂದು ಗೋಪುರ ಮಾತ್ರ ಪಕ್ಕದ ಶಾಲೆಯ ಆವರಣದಲ್ಲಿ ಉಳಿದಿದೆ. ಹೀಗೆ ಯಾರಿಗಾಗಿ ಹರಕೆ ಹೊತ್ತು ಮನೆ ಕಟ್ಟಿದರೋ ಅವಳಿಗೆ ಹಳೆಯ ಮನೆಯೂ ಇಲ್ಲ, ಹೊಸ ಮನೆಯೂ ಇಲ್ಲ ಎಂದಾಯಿತು.

ಮೇಲೆ ಪೂಜೆ, ಕೆಳಗೆ ಸೇನಾಪತಿಗಳು

ನೆಪೋಲಿಯನ್‌ಗೆ ಪೋಪರ ಸ್ನೇಹವೂ ಬೇಕಿತ್ತು, ಕ್ರಾಂತಿಯ ವಾರಸುದಾರನೆಂಬ ಹೆಸರೂ ಬೇಕಿತ್ತು. 1806ರ ಫೆಬ್ರವರಿಯಲ್ಲಿ ಅವನು ಕಟ್ಟಡವನ್ನು ಅಡ್ಡಡ್ಡ ಪಾಲು ಮಾಡಿದ. ಮೇಲಿನದು ಸಂತ ಜೆನ್ವಿಯೆವ್ ಚರ್ಚ್, ನೆಲಮಾಳಿಗೆ ಸಾಮ್ರಾಜ್ಯದ ಗಣ್ಯರ ಸಮಾಧಿ. ಒಂದರ ಗೋಜಿಗೆ ಇನ್ನೊಂದು ಬರದಿರಲೆಂದು ನೆಲಮಾಳಿಗೆಗೆ ಹಿಂದುಗಡೆಯಿಂದ ಬೇರೆ ಬಾಗಿಲು ಮಾಡಿಸಿದರು. ಸೇನಾಪತಿಗಳು, ಸಚಿವರು, ಸೆನೆಟರುಗಳು ಹೀಗೆ 40ಕ್ಕೂ ಹೆಚ್ಚು ಜನರನ್ನು ನೆಪೋಲಿಯನ್ ಅಲ್ಲಿ ಮಲಗಿಸಿದ. ಇವತ್ತು ಅಲ್ಲಿರುವ ಸುಮಾರು 80 ಜನರಲ್ಲಿ ಅರ್ಧದಷ್ಟು ಅವನು ಸೇರಿಸಿದವರು. ಅವರಲ್ಲಿ ಹೆಚ್ಚಿನವರ ಹೆಸರು ಫ್ರೆಂಚರಿಗೇ ನೆನಪಿಲ್ಲ.

ಗುಮ್ಮಟದ ಒಳಮೈಗೆ ಚಿತ್ರ ಬರೆಯಲು 1811ರಲ್ಲಿ ಆಂತ್ವಾನ್ ಗ್ರೋ ಎಂಬ ಕಲಾವಿದನನ್ನು ಗೊತ್ತು ಮಾಡಿದರು. ಸಂತ ಜೆನ್ವಿಯೆವ್ ಸ್ವರ್ಗದಲ್ಲಿ, ಅವಳ ಸುತ್ತ ಫ್ರಾನ್ಸಿನ ನಾಲ್ಕು ರಾಜವಂಶಗಳ ದೊರೆಗಳು: ಕ್ಲೋವಿಸ್, ಶಾರ್ಲಮೇನ್, ಸಂತ ಲೂಯಿ, ನೆಪೋಲಿಯನ್. ಚಿತ್ರ ಮುಗಿಯುವ ಮೊದಲೇ 1814ರಲ್ಲಿ ನೆಪೋಲಿಯನ್ ಪದಚ್ಯುತನಾದ. ನೆಪೋಲಿಯನ್ ಇದ್ದ ಜಾಗಕ್ಕೆ ಹದಿನೆಂಟನೇ ಲೂಯಿಯನ್ನು ಬರೆಯಬೇಕೆಂದು ಹೇಳಿಕೆ ಬಂತು. 1815ರಲ್ಲಿ ನೆಪೋಲಿಯನ್ ನೂರು ದಿನಗಳ ಮಟ್ಟಿಗೆ ಮರಳಿದಾಗ ಮತ್ತೆ ನೆಪೋಲಿಯನ್. ವಾಟರ್‌ಲೂ ಆದ ಮೇಲೆ ಮತ್ತೆ ಲೂಯಿ. 1824ರಲ್ಲಿ ಚಿತ್ರ ಮುಗಿಯಿತು, ಗ್ರೋಗೆ ಬ್ಯಾರನ್ ಪದವಿ ಸಿಕ್ಕಿತು.

1816ರಲ್ಲಿ ಕಟ್ಟಡ ಪೂರ್ತಿ ಚರ್ಚ್ ಎಂದು ಅಪ್ಪಣೆಯಾಯಿತು, 1822ರ ಜನವರಿಯಲ್ಲಿ ಪೂಜೆ ಶುರುವಾಯಿತು. ಹಣೆಯ ಮೇಲಿನ ಸಾಲು ಹೋಗಿ, ಹದಿನೈದನೇ ಲೂಯಿ ಅರ್ಪಿಸಿದ್ದು, ಹದಿನೆಂಟನೇ ಲೂಯಿ ಮರಳಿಸಿದ್ದು ಎಂಬ ಲ್ಯಾಟಿನ್ ಬರಹ ಬಂತು. ತ್ರಿಕೋನದಲ್ಲಿ ಮತ್ತೆ ಶಿಲುಬೆ. ಭಾಷೆ ಬದಲಾದದ್ದನ್ನೂ ಗಮನಿಸಬೇಕು: 1791ರ ಸಾಲು ಬೀದಿಯಲ್ಲಿ ಹೋಗುವವರ ಫ್ರೆಂಚಿನಲ್ಲಿತ್ತು, ಈಗಿನದು ಪಾದ್ರಿಗಳ ಲ್ಯಾಟಿನ್ನಿನಲ್ಲಿ. ಒಳಗಿದ್ದ ವೋಲ್ಟೇರ್, ರೂಸೋ ಏನಾಗಬೇಕು? ಹೊರಗೆ ಹಾಕಿದರೆ ಗದ್ದಲ, ಒಳಗಿಟ್ಟುಕೊಂಡರೆ ಅಪವಿತ್ರ. ಅವರ ಪೆಟ್ಟಿಗೆಗಳನ್ನು ಮುಂಭಾಗದ ಕಂಬಸಾಲಿನ ಅಡಿಯ ಒಂದು ಕೋಣೆಗೆ ಸರಿಸಿ ಬಾಗಿಲು ಹಾಕಿದರು. ವೋಲ್ಟೇರ್ ಅಲ್ಲೇ ಇರಲಿ, ದಿನಾ ಪೂಜೆ ಕೇಳಬೇಕಾದದ್ದೇ ಅವನಿಗೆ ತಕ್ಕ ಶಿಕ್ಷೆ ಎಂದು ಹದಿನೆಂಟನೇ ಲೂಯಿ ನಕ್ಕನೆಂದು ಒಂದು ಕಥೆ ಓಡಾಡುತ್ತದೆ.

ಅವರ ಮೂಳೆಗಳನ್ನೇ ರಾಜನ ಕಡೆಯವರು ಕದ್ದು ಎಸೆದಿದ್ದಾರೆ ಎಂಬ ಸುದ್ದಿಯೂ ಹಬ್ಬಿತು. ಅದು ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ 1897ರ ಡಿಸೆಂಬರ್ 18ರಂದು ಸರ್ಕಾರ ಎರಡೂ ಪೆಟ್ಟಿಗೆಗಳನ್ನು ತೆರೆಸಿ ನೋಡಬೇಕಾಯಿತು. ಇಬ್ಬರೂ ಅಲ್ಲೇ ಇದ್ದರು.

ಭೂಮಿ ತಿರುಗುವುದನ್ನು ನೋಡಲು ಬಂದ ಜನ

1830ರ ಜುಲೈ ಕ್ರಾಂತಿಯ ನಂತರ ಲೂಯಿ ಫಿಲಿಪ್ ಗದ್ದುಗೆಗೆ ಬಂದ. ಒಂದೇ ತಿಂಗಳಲ್ಲಿ ಅಪ್ಪಣೆ ಹೊರಟಿತು: ಮತ್ತೆ ಪ್ಯಾಂಥಿಯಾನ್, ಹಣೆಯ ಮೇಲೆ ಮತ್ತೆ ಮಹಾಪುರುಷರ ಸಾಲು. ಆದರೆ ಅವನ 18 ವರ್ಷಗಳ ಆಳ್ವಿಕೆಯಲ್ಲಿ ಒಬ್ಬನೇ ಒಬ್ಬ ಮಹಾಪುರುಷನೂ ಒಳಗೆ ಹೋಗಲಿಲ್ಲ. ಯಾರನ್ನು ಆರಿಸಿದರೂ ಒಂದು ಬಣಕ್ಕೆ ಸಿಟ್ಟು. ಶಿಲ್ಪಿ ದಾವಿದ್ ದಾಂಜೆ ಮಾತ್ರ ತ್ರಿಕೋನದಲ್ಲಿ ತನಗೆ ಬೇಕಾದವರನ್ನು ಕೆತ್ತಿದ. ನಾಡೆಂಬ ತಾಯಿ ನಡುವೆ ನಿಂತು ಕಿರೀಟ ಹಂಚುತ್ತಾಳೆ, ಒಂದು ಕಡೆ ವೋಲ್ಟೇರ್, ರೂಸೋ ಮೊದಲಾದ ಬರಹಗಾರರು ಮತ್ತು ವಿದ್ವಾಂಸರು, ಇನ್ನೊಂದು ಕಡೆ ಸೈನಿಕರ ಮುಂದೆ ತರುಣ ಬೊನಪಾರ್ಟ್. ಸರ್ಕಾರಕ್ಕೆ ಅದು ಹಿಡಿಸಲಿಲ್ಲ. 1837ರಲ್ಲಿ ಸಮಾರಂಭವಿಲ್ಲದೆ ಅಟ್ಟಣಿಗೆ ಬಿಚ್ಚಿದರು. ಈಗಲೂ ಇರುವುದು ಅದೇ ಶಿಲ್ಪ.

1848ರಲ್ಲಿ ಗಣರಾಜ್ಯ ಬಂತು. ಆಗ ಇದಕ್ಕೆ 'ಮಾನವತೆಯ ಮಂದಿರ' ಎಂದು ಹೊಸ ಹೆಸರು. ಶೆನಾವಾರ್ ಎಂಬ ಕಲಾವಿದನಿಗೆ ಮನುಕುಲದ ಇಡೀ ಇತಿಹಾಸವನ್ನು ಗೋಡೆಗಳ ಮೇಲೆ ಬರೆಯುವ ಕೆಲಸ ಕೊಟ್ಟರು. ಅದೇ ಜೂನಿನಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು ದಂಗೆಯೆದ್ದು ಈ ಕಟ್ಟಡದೊಳಗೆ ಬೀಡುಬಿಟ್ಟಾಗ, ಮಾನವತೆಯ ಮಂದಿರದ ಬಾಗಿಲಿಗೆ ಸರ್ಕಾರದ ಫಿರಂಗಿ ಗುಂಡು ಬಿದ್ದಿತು.

ಈ ಎಲ್ಲ ಗದ್ದಲದ ನಡುವೆ, 1851ರ ಮಾರ್ಚಿನಲ್ಲಿ, ಕಟ್ಟಡಕ್ಕೆ ಯಾರೂ ಊಹಿಸದ ಒಂದು ಉಪಯೋಗ ಸಿಕ್ಕಿತು. ಲಿಯೋ ಫೂಕೋ ಎಂಬ ವಿಜ್ಞಾನಿ ಗುಮ್ಮಟದಿಂದ 67 ಮೀಟರ್ ಉದ್ದದ ತಂತಿ ಇಳಿಬಿಟ್ಟು ಅದರ ತುದಿಗೆ 28 ಕಿಲೋ ತೂಕದ ಗುಂಡನ್ನು ತೂಗುಹಾಕಿದ. ತೂಗುವ ಗುಂಡಿನ ಕೆಳಗಿನ ಮುಳ್ಳು ನೆಲದ ಮೇಲೆ ಹಾಕಿದ್ದ ಮರಳಿನಲ್ಲಿ ಗೆರೆ ಕೊರೆಯುತ್ತಿತ್ತು. ಪ್ರತಿ ಸಲವೂ ಗೆರೆ ಸ್ವಲ್ಪ ಪಕ್ಕಕ್ಕೆ ಬೀಳುತ್ತಿತ್ತು. ಲೋಲಕ ತನ್ನ ದಿಕ್ಕಿನಲ್ಲೇ ಆಡುತ್ತಿದೆ, ಅಡಿಯ ನೆಲ ತಿರುಗುತ್ತಿದೆ. ಭೂಮಿ ತಿರುಗುತ್ತದೆಂದು ಓದಿದ್ದ ಜನ ಅದನ್ನು ಕಣ್ಣಾರೆ ನೋಡಲು ಗುಂಪುಗುಂಪಾಗಿ ಬಂದರು. ಪ್ಯಾರಿಸ್ಸಿನಲ್ಲಿ ಆ ಗೆರೆ ಒಂದು ಸುತ್ತು ಬರಲು ಸುಮಾರು 32 ಗಂಟೆ ಬೇಕು. ಭೂಮಧ್ಯರೇಖೆಯ ಹತ್ತಿರ ಬಂದಷ್ಟೂ ಹೊತ್ತು ಹೆಚ್ಚು: ದೆಹಲಿಯಲ್ಲಿ ಸುಮಾರು 50 ಗಂಟೆ, ಚೆನ್ನೈ, ಬೆಂಗಳೂರುಗಳಲ್ಲಿ ನಾಲ್ಕು ದಿನಕ್ಕೂ ಮಿಕ್ಕಿ. ದೆಹಲಿಯ ಹೊಸ ಸಂಸತ್ ಭವನದೊಳಗೆ ತೂಗುತ್ತಿರುವುದು ಇದೇ ಫೂಕೋ ಲೋಲಕ.

ಸೂಫ್ಲೋನ ಎತ್ತರದ ಗುಮ್ಮಟ ದೇವರಿಗೋ ನಾಡಿಗೋ ಎಂದು ಜಗಳವಾಡುತ್ತಿದ್ದವರ ನಡುವೆ ಫೂಕೋಗೆ ಬೇಕಾಗಿದ್ದದ್ದು ಆ ಎತ್ತರವೊಂದೇ. ಅದೂ ಹೆಚ್ಚು ಕಾಲ ದಕ್ಕಲಿಲ್ಲ. ಡಿಸೆಂಬರ್ 2ರಂದು ಲೂಯಿ ನೆಪೋಲಿಯನ್ ಸೈನ್ಯದ ಬಲದಿಂದ ಅಧಿಕಾರ ಕಬಳಿಸಿದ, ನಾಲ್ಕೇ ದಿನಗಳಲ್ಲಿ ಕಟ್ಟಡವನ್ನು ಚರ್ಚಿಗೆ ಮರಳಿಸಿದ. ಪಾದ್ರಿಗಳ ಬೆಂಬಲ ಅವನಿಗೆ ಬೇಕಿತ್ತು. ಲೋಲಕ ಹೋಯಿತು, ಮನುಕುಲದ ಚಿತ್ರಗಳೂ ಹೋದವು. ಮುಂಭಾಗದ ಶಿಲ್ಪ ಮಾತ್ರ ಹಾಗೇ ಉಳಿಯಿತು. ಮೂರು ದಶಕಗಳ ಕಾಲ ಪೂಜೆಗೆ ಬಂದ ಭಕ್ತರು ವೋಲ್ಟೇರ್ ಮತ್ತು ರೂಸೋ ಅವರ ಕಲ್ಲಿನ ಮೂರ್ತಿಗಳ ಕೆಳಗಿನಿಂದಲೇ ಒಳಗೆ ಹೋಗುತ್ತಿದ್ದರು.

1871ರ ಪ್ಯಾರಿಸ್ ಕಮ್ಯೂನ್ ದಿನಗಳಲ್ಲಿ ಗುಮ್ಮಟದ ಶಿಲುಬೆಯ ಎರಡೂ ತೋಳುಗಳನ್ನು ಗರಗಸದಿಂದ ಕತ್ತರಿಸಿ, ಉಳಿದ ಕಂಬಕ್ಕೆ ಕೆಂಪು ಬಾವುಟ ಕಟ್ಟಿದರು. ಮೇ ತಿಂಗಳಲ್ಲಿ ಸರ್ಕಾರಿ ಸೈನ್ಯ ಊರೊಳಗೆ ನುಗ್ಗಿದಾಗ, ಸಂಸತ್ ಸದಸ್ಯನಾಗಿದ್ದ ಮಿಲಿಯೇರ್ ಎಂಬವನನ್ನು ಇದೇ ಮೆಟ್ಟಿಲುಗಳ ಮೇಲೆ ಮಂಡಿಯೂರಿಸಿ ಗುಂಡಿಟ್ಟು ಕೊಂದರು. 1873ರಲ್ಲಿ ಶಿಲುಬೆ ಮತ್ತೆ ಮೇಲೇರಿತು.

ಬಡವರ ಗಾಡಿಯಲ್ಲಿ ಬಂದ ಕವಿ

1885ರ ಮೇ 22ರಂದು ವಿಕ್ಟರ್ ಹ್ಯೂಗೋ ತೀರಿಕೊಂಡ. ದೇವರನ್ನು ನಂಬಿದ್ದವನು, ಆದರೆ ಯಾವ ಚರ್ಚಿನ ಪ್ರಾರ್ಥನೆಯೂ ತನಗೆ ಬೇಡ, ಬಡವರ ಶವದ ಗಾಡಿಯಲ್ಲೇ ಒಯ್ಯಿರಿ ಎಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ಅಂಥವನನ್ನು ಮಣ್ಣು ಮಾಡಲು ನಾಡಿಗೆ ಚರ್ಚ್ ಅಲ್ಲದ ದೊಡ್ಡ ಜಾಗ ಬೇಕಿತ್ತು. ನಾಲ್ಕು ದಿನಗಳ ನಂತರ ಸರ್ಕಾರ ಆದೇಶ ಹೊರಡಿಸಿ ಕಟ್ಟಡವನ್ನು ಮತ್ತೆ ಪ್ಯಾಂಥಿಯಾನ್ ಮಾಡಿತು. ಪಾದ್ರಿಗಳು ಜಾಗ ಖಾಲಿ ಮಾಡಿದರು. ಜೂನ್ 1ರಂದು ಬಡವರ ಗಾಡಿಯ ಹಿಂದೆ ಸುಮಾರು 20 ಲಕ್ಷ ಜನ ಸೇರಿದರೆಂದು ಅಂದಾಜು. ಮಿರಾಬೊನ ಸಾವು ಮಾಡಿದ್ದ ಕೆಲಸವನ್ನು 94 ವರ್ಷಗಳ ನಂತರ ಹ್ಯೂಗೋನ ಸಾವು ಮಾಡಿತು. ಅದಾದ ಮೇಲೆ ಕಟ್ಟಡ ಮತ್ತೆ ಚರ್ಚ್ ಆಗಿಲ್ಲ.

ಕುತೂಹಲವೆಂದರೆ, ಈ ಸಲ ಗೆದ್ದವರು ಹಿಂದಿನದೆಲ್ಲವನ್ನೂ ಕೆರೆದು ಹಾಕಲಿಲ್ಲ. ಗುಮ್ಮಟದ ಶಿಲುಬೆ ಹಾಗೇ ಉಳಿಯಿತು. ಚರ್ಚ್ ಆಗಿದ್ದ ಕೊನೆಯ ವರ್ಷಗಳಲ್ಲಿ ಗೋಡೆಗಳಿಗೆ ಚಿತ್ರ ಬರೆಸುವ ಕೆಲಸ ಶುರುವಾಗಿತ್ತು. ಪೂವಿ ದ ಶವಾನ್ ಅಲ್ಲಿ ಜೆನ್ವಿಯೆವ್‌ಳ ಬಾಲ್ಯವನ್ನು ಬರೆದಿದ್ದ. ಗಣರಾಜ್ಯ ಬಂದ ಮೇಲೂ ಅದನ್ನು ನಿಲ್ಲಿಸಲಿಲ್ಲ. 1890ರ ದಶಕದಲ್ಲಿ ಅದೇ ಕಲಾವಿದ, ಮುದುಕನಾಗಿ, ಮುದುಕಿಯಾದ ಜೆನ್ವಿಯೆವ್ ಬೆಳದಿಂಗಳಲ್ಲಿ ಮಲಗಿದ ಊರನ್ನು ಕಾಯುತ್ತಾ ನಿಂತಿರುವ ಚಿತ್ರವನ್ನು ಬರೆದ. ಮೂಳೆಗಳನ್ನು ಸುಟ್ಟು ನೂರು ವರ್ಷವಾದ ಮೇಲೆ ಅವಳು ಈ ಮನೆಯೊಳಗೆ ಬಂದದ್ದು ಹೀಗೆ. ಬಲಿಪೀಠವಿರಬೇಕಾದ ಕಡೆ ಮೇಲ್ಗಡೆ ಕ್ರಿಸ್ತನ ಮೊಸಾಯಿಕ್ ಚಿತ್ರವಿದೆ. ಅದರ ಕೆಳಗೆ ಕ್ರಾಂತಿಕಾಲದ ಸಭೆಯ ಸದಸ್ಯರು ಕೈಚಾಚಿ ಪ್ರತಿಜ್ಞೆ ಮಾಡುತ್ತಿರುವ ದೊಡ್ಡ ಶಿಲ್ಪ. ಎರಡೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ.

ಜಗಳ ನಿಂತಿತೆಂದಲ್ಲ. ಕಟ್ಟಡ ಯಾರದೆಂಬ ಜಗಳ ಮುಗಿದು, ಒಳಗೆ ಯಾರು ಬರಬೇಕೆಂಬ ಜಗಳ ಶುರುವಾಯಿತು. 1908ರಲ್ಲಿ ಎಮಿಲ್ ಜೋಲಾನನ್ನು ತಂದಾಗ, ಅವನು ಯಾರ ಪರವಾಗಿ ಬರೆದು ದೇಶದ ಸಿಟ್ಟಿಗೆ ಗುರಿಯಾಗಿದ್ದನೋ ಆ ಯೆಹೂದಿ ಸೇನಾಧಿಕಾರಿ ಡ್ರೇಫಸ್ ಸಮಾರಂಭಕ್ಕೆ ಬಂದಿದ್ದ. ಪತ್ರಕರ್ತನೊಬ್ಬ ಅಲ್ಲೇ ಅವನ ಮೇಲೆ ಗುಂಡು ಹಾರಿಸಿದ. ಡ್ರೇಫಸ್‌ನ ತೋಳಿಗೆ ಗಾಯವಾಯಿತು. ಗುಂಡು ಹಾರಿಸಿದವನನ್ನು ನ್ಯಾಯಾಲಯ ಬಿಟ್ಟುಬಿಟ್ಟಿತು.

ಆ ಒಂದು ಪದ

ಈಗ ಹಣೆಯ ಮೇಲಿನ ಸಾಲಿಗೆ ಮರಳಬಹುದು. ಫ್ರೆಂಚಿನಲ್ಲಿ ಅದು 'ಓ ಗ್ರಾಂಜ಼್ ಒಮ್, ಲ ಪಾತ್ರಿ ರೆಕೊನೆಸಾಂತ್'. ಕ್ರಿಯಾಪದವಿಲ್ಲ, ಕನ್ನಡದ ಕಿವಿಗೆ ಇದು ಸಹಜವೇ. 'ಪಾತ್ರಿ' ಎಂದರೆ ಅಪ್ಪಂದಿರ ನಾಡು, ಪಿತೃ ಎಂಬ ಪದದ ದೂರದ ನೆಂಟ. ಆದರೆ ಫ್ರೆಂಚ್ ವ್ಯಾಕರಣದಲ್ಲಿ ಅದು ಸ್ತ್ರೀಲಿಂಗ, ಶಿಲ್ಪದಲ್ಲೂ ಅವಳು ಹೆಂಗಸು. ಕನ್ನಡದಲ್ಲಿ ತಾಯ್ನಾಡು ಎನ್ನಲು ಅಡ್ಡಿಯಿಲ್ಲ. ತೊಡಕಿರುವುದು 'ಒಮ್' ಎಂಬಲ್ಲಿ. ಅದಕ್ಕೆ ಮನುಷ್ಯ ಎಂಬ ಅರ್ಥವೂ ಇದೆ, ಗಂಡಸು ಎಂಬ ಅರ್ಥವೂ ಇದೆ. ಯಾವ ಅರ್ಥದಲ್ಲಿ ಓದಬೇಕೆಂದು ಕಲ್ಲು ಹೇಳುವುದಿಲ್ಲ. ಒಳಗಿರುವವರ ಪಟ್ಟಿ ಹೇಳುತ್ತದೆ.

ಮೊದಲ ನೂರಾ ಹದಿನೈದು ವರ್ಷ ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. 1907ರಲ್ಲಿ ರಸಾಯನವಿಜ್ಞಾನಿ ಮಾರ್ಸೆಲೆನ್ ಬರ್ತೆಲೊ ಹೆಂಡತಿ ಸೋಫಿ ತೀರಿಕೊಂಡ ದಿನವೇ ತಾನೂ ತೀರಿಕೊಂಡ. ಇಬ್ಬರನ್ನೂ ಅಗಲಿಸಬಾರದೆಂದು ಒಟ್ಟಿಗೆ ಇಟ್ಟರು. ಸೋಫಿ ಒಳಗೆ ಬಂದದ್ದು ಹೆಂಡತಿಯಾಗಿ. ಸ್ವಂತ ಸಾಧನೆಯ ಬಲದಿಂದ ಒಬ್ಬ ಹೆಂಗಸು ಬರಲು 1995ರ ಏಪ್ರಿಲ್ 20ರವರೆಗೆ ಕಾಯಬೇಕಾಯಿತು. ಎರಡು ನೊಬೆಲ್ ಪಡೆದ, ಪೋಲೆಂಡಿನಲ್ಲಿ ಹುಟ್ಟಿದ ಮೇರಿ ಕ್ಯೂರಿ, ಗಂಡ ಪಿಯೇರ್ ಜೊತೆ ಅಂದು ಒಳಗೆ ಬಂದಳು. ಅವಳು ಸತ್ತು ಅರವತ್ತು ವರ್ಷ ಕಳೆದಿತ್ತು.

ಆ ಮೇಲೆ ಬಾಗಿಲು ಸ್ವಲ್ಪ ಹೆಚ್ಚು ತೆರೆಯಿತು. 2015ರಲ್ಲಿ ನಾಜಿ ಶಿಬಿರದಲ್ಲಿ ನರಳಿ ಬದುಕಿ ಬಂದಿದ್ದ ಜೆರ್ಮೇನ್ ತಿಲಿಯೋ ಮತ್ತು ಜೆನ್ವಿಯೆವ್ ದ ಗಾಲ್ ಆಂತೋನಿಯೋ ಅವರಿಗೆ ಜಾಗ ಸಿಕ್ಕಿತು. ಮನೆಯವರು ಸಮಾಧಿ ಕದಲಿಸಲು ಒಪ್ಪದ್ದರಿಂದ ಪೆಟ್ಟಿಗೆಗಳಲ್ಲಿ ಬಂದದ್ದು ಅವರ ಸಮಾಧಿಯ ಮಣ್ಣು. ಇವರಲ್ಲಿ ಎರಡನೆಯವರ ಹೆಸರು ಮನೆಯ ಮೂಲ ಒಡತಿಯದೇ. 2018ರಲ್ಲಿ ಸಿಮೋನ್ ವೇಲ್ ಬಂದರು: ಔಷ್‌ವಿಟ್ಜ್‌ನಿಂದ ಬದುಕಿ ಬಂದವರು, ಸಚಿವೆಯಾಗಿ ಗರ್ಭಪಾತವನ್ನು ಕಾನೂನುಬದ್ಧ ಮಾಡಿದವರು. 2021ರ ನವೆಂಬರ್ 30ರಂದು ಜೋಸೆಫೀನ್ ಬೇಕರ್: ಅಮೆರಿಕದಲ್ಲಿ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕುಣಿದು ಹೆಸರಾಗಿ, ಯುದ್ಧಕಾಲದಲ್ಲಿ ಫ್ರಾನ್ಸಿನ ಗುಪ್ತಚರ ಕೆಲಸ ಮಾಡಿದವಳು. ಇಲ್ಲಿಗೆ ಬಂದ ಹೆಂಗಸರಲ್ಲಿ ಆರನೆಯವಳು, ಕಪ್ಪು ಹೆಂಗಸರಲ್ಲಿ ಮೊದಲನೆಯವಳು. 2024ರ ಫೆಬ್ರವರಿ 21ರಂದು, ನಾಜಿಗಳು ಗುಂಡಿಟ್ಟು ಕೊಂದ ಸರಿಯಾಗಿ 80 ವರ್ಷಗಳಿಗೆ, ಮಿಸಾಕ್ ಮನೂಶಿಯಾನ್ ಬಂದ. ಅರ್ಮೇನಿಯನ್ ಅನಾಥ, ಕಮ್ಯುನಿಸ್ಟ್, ಕವಿ. ಫ್ರೆಂಚ್ ಪೌರತ್ವ ಬದುಕಿದ್ದಾಗ ಸಿಕ್ಕಿರಲಿಲ್ಲ. ಹೆಂಡತಿ ಮೆಲಿನೆಯನ್ನೂ ಅವನ ಪಕ್ಕದಲ್ಲೇ ಇಟ್ಟರು.

ಒಂದು ಪದದ ಅರ್ಥವನ್ನು ನಿಘಂಟಿನವರು ಬದಲಿಸಿದ್ದಲ್ಲ. ಕಲ್ಲಿನ ಅಕ್ಷರಗಳು ಅಲುಗಲಿಲ್ಲ, ಪ್ರತಿ ಹೊಸ ಪೆಟ್ಟಿಗೆ ಒಳಗೆ ಹೋದಾಗಲೂ 'ಒಮ್' ಎಂಬುದರ ಅಳತೆ ಒಂದಿಷ್ಟು ಹಿಗ್ಗಿತು. ಇದನ್ನು ಕನ್ನಡಕ್ಕೆ ತರುವವರು 1791ಕ್ಕೆ 'ಮಹಾಪುರುಷರಿಗೆ' ಎಂದೇ ಬರೆಯಬೇಕು. ಆ ದಿನ ಅದನ್ನು ಬರೆಸಿದವರ ಮನಸ್ಸಿನಲ್ಲಿದ್ದದ್ದು ಅದೇ. ಆದರೆ 2021ರ ಆ ಸಂಜೆ, ಬೇಕರ್ ಹೆಸರಿನ ಪೆಟ್ಟಿಗೆಯನ್ನು ಹೊತ್ತವರು ಸೂಫ್ಲೋ ಬೀದಿಯ ಏರು ಹತ್ತಿ ಬಂದಾಗ ಅದೇ ಸಾಲನ್ನು ಓದಿದವರಿಗೆ 'ಮಹನೀಯರಿಗೆ' ಎಂಬುದೇ ಸರಿಯಾದ ಅನುವಾದ. ಅವಳ ದೇಹ ಮೊನಾಕೋದಲ್ಲೇ ಉಳಿಯಿತು. ಪೆಟ್ಟಿಗೆಯಲ್ಲಿದ್ದದ್ದು ಅವಳು ಬಾಳಿದ ಊರುಗಳ ಹಿಡಿ ಹಿಡಿ ಮಣ್ಣು.